ಎರಡು ಪಾಲಿನ ಕಟ್ಟ

ಹೊಳೆಯ ನಡುವಿನ ದ್ವೀಪಕ್ಕೆ ನಮ್ಮ ಕಡೆ ಕುದ್ರು ಎನ್ನುತ್ತಾರೆ. ಕುಂದಾಪುರದ ಪೇಟೆ ದಾಟಿ ಕಡವಿನಲ್ಲಿ ದೋಣಿ ಹತ್ತಿದರೆ ನಮ್ಮ ಕುದ್ರು. ರಜೆಯಲ್ಲಿ ಪೇಟೆಯ ಮಂದಿ ಬಣ್ಣದ ಪ್ಲಾಸ್ಟಿಕ್ ದೋಣಿಗಳಲ್ಲಿ ಬಂದು, ತೆಂಗಿನ ಮರಗಳ ಫೋಟೋ ಹೊಡೆದುಕೊಂಡು, "ಸ್ವರ್ಗ ಮಾರಾಯ್ರೆ" ಎಂದು ಹೋಗುತ್ತಾರೆ. ಸ್ವರ್ಗವಂತೆ, ಸ್ವರ್ಗ! ಆ ಸ್ವರ್ಗದಲ್ಲೇ ನನ್ನ ಗಂಡನ ಹೆಗಲಿನ ಮೂಳೆಯನ್ನು ಅವರ ಒಡಹುಟ್ಟಿದ ತಮ್ಮ ಗುದ್ದಲಿಯ ಹಿಂಬದಿಯಿಂದ ಮುರಿದದ್ದು. ಮುರಿದ ಸದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹಸಿ ಸೌದೆ ಮುರಿದ ಹಾಗಿತ್ತು.

ನಮ್ಮ ಗದ್ದೆ ಹೊಳೆಗಿಂತ ತಗ್ಗಿನಲ್ಲಿದೆ. ಸಮುದ್ರ ಏರಿದಾಗಲೆಲ್ಲ ಹೊಳೆಯೂ ಏರುತ್ತದೆ. ಮಳೆಗಾಲ ಮುಗಿದ ಮೇಲೆ ಆ ನೀರು ಬರೀ ಉಪ್ಪು. ಅದನ್ನು ತಡೆಯಲು ಮಾವನ ಕಾಲದ ಒಂದು ಮಣ್ಣಿನ ಕಟ್ಟವಿದೆ. ಕಟ್ಟದ ಈಚೆ ಗದ್ದೆ, ಗದ್ದೆಯ ಅಂಚಿನಲ್ಲಿ ಬಾವಿ. ಸುತ್ತಲೂ ಉಪ್ಪಿದ್ದರೂ ಆ ಬಾವಿಯ ನೀರು ಸಿಹಿ. ಮದುವೆಯಾಗಿ ಉಪ್ಪುಂದದಿಂದ ಬಂದ ದಿನ ಒಂದು ಚೊಂಬು ಕುಡಿದು, ಇಲ್ಲಿ ಬದುಕಬಹುದು ಎಂದುಕೊಂಡಿದ್ದೆ. ಬೇರೆ ಯಾವುದನ್ನು ನೋಡಿಯೂ ಹಾಗೆ ಅಂದುಕೊಳ್ಳಲು ಸಾಧ್ಯವಿರಲಿಲ್ಲ. ಹೆರಿಗೆ ನೋವು ಬಂದರೂ ದೋಣಿ ತೇಲಲು ನೀರೇರುವುದನ್ನು ಕಾಯಬೇಕು. ಸೇತುವೆ ಪ್ರತಿ ಚುನಾವಣೆಗೂ ಬರುತ್ತದೆ, ಮತ ಎಣಿಸಿದ ಮೇಲೆ ಹೋಗುತ್ತದೆ. ಇಲ್ಲಿಯ ಹುಡುಗರು ಕೊಲ್ಲೂರಿನ ಲಾಡ್ಜುಗಳಲ್ಲಿ ಹಾಸಿಗೆ ಕೊಡವುತ್ತಾರೆ, ಮದುವೆಗೆ ಹೆಣ್ಣು ಕೇಳಿದರೆ "ದೋಣಿ ದಾಟಿ ಬರುಕಾ?" ಎಂಬ ಉತ್ತರ ಕೇಳಿ ಬರುತ್ತಾರೆ. ಇದೆಲ್ಲ ನನಗೆ ಅಭ್ಯಾಸವಾಗಿತ್ತು. ನನ್ನ ಹಟ ಒಂದೇ, ಬಾವಿ ಕೆಡಬಾರದು. ಬಾವಿ ಕೆಟ್ಟರೆ ನಾವು ಕುದ್ರು ಬಿಟ್ಟು ಏಳಬೇಕು, ಅಷ್ಟೇ.

ಮೈದುನ ಮೀಸೆ ಮೂಡುವ ಮೊದಲೇ ಮುಂಬೈಗೆ ಹೋಗಿ ಹೋಟೆಲಿನಲ್ಲಿ ದುಡಿದವನು. ಹೋಟೆಲು ಮುಚ್ಚಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದ. ಬಂದ ವರ್ಷವೇ ಊಟಕ್ಕೆ ಕುಳಿತಾಗ ಮಾತು ತೆಗೆದ.

"ಭತ್ತ ಬೆಳ್ದ್ ಉದ್ಧಾರ ಆದ್ದ್ ಯಾರ್ ಅಣ್ಣಯ್ಯ? ಗದ್ದೆಗೆ ಉಪ್ಪುನೀರ್ ಬಿಡ್ವ, ಸಿಗಡಿ ಸಾಕ್ವ."

ನನ್ನ ಗಂಡ ಗಂಜಿಯ ಬಟ್ಟಲನ್ನೇ ಎತ್ತಿ ಎಸೆದರು. ಸ್ಟೀಲಿನ ಅಂಚು ತಾಗಿ ಮೈದುನನ ಹುಬ್ಬಿನ ಮೇಲೆ ಸೀಳಿತು. ಅವನು ರಕ್ತ ಒರೆಸಿಕೊಳ್ಳದೆ ಎದ್ದು ಅಣ್ಣನ ಕುತ್ತಿಗೆಗೆ ಕೈ ಹಾಕಿದ. ನಾನು ನಡುವೆ ನುಗ್ಗಿದೆ, ಒಲೆಯ ಬಳಿ ಬಿದ್ದೆ, ಮೊಣಕೈ ಸುಟ್ಟಿತು. ಗಂಡಸರ ಜಗಳ ಬಿಡಿಸಲು ಹೋದವಳಿಗೆ ಸಿಗುವ ಬಹುಮಾನ ಅದು.

ಆಮೇಲೆ ಮಾತು ನಿಂತಿತು. ಗದ್ದೆ ಪಾಲಾಯಿತು, ಅಡುಗೆ ಮನೆ ಎರಡಾಯಿತು, ಕಡೆಗೆ ಕಟ್ಟವನ್ನೂ ಪಾಲು ಮಾಡಿದರು! ನಡುವೆ ಒಂದು ಗೂಟ ಹೊಡೆದು, ಬಡಗಣ ಅರ್ಧ ನಮ್ಮದು, ತೆಂಕಣ ಅರ್ಧ ಅವನದು ಎಂದಾಯಿತು. ಮುಂದಿನ ಸಾಲಿಗೆ ಸಿಗಡಿ ಕೆರೆ ಮಾಡುವೆನೆಂದರೂ ಅವನೂ ಆ ವರ್ಷ ಭತ್ತವನ್ನೇ ಹಾಕಿದ್ದ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ನೀರು ಬರುವ ಮೊದಲು ಇಬ್ಬರೂ ತಮ್ಮ ತಮ್ಮ ಪಾಲಿಗೆ ಕೆಸರು ಮೆತ್ತುತ್ತಿದ್ದರು. ಎಂಥ ಚಂದದ ಕೆಲಸ! ಆದರೆ ಗೂಟದ ಬುಡಕ್ಕೆ ಇಬ್ಬರೂ ಕೈ ಹಾಕುತ್ತಿರಲಿಲ್ಲ. ಹಾಕಿದರೆ ಇವನು ಒತ್ತುವರಿ ಮಾಡಿದ ಎಂದು ಅವನು ಹೇಳಿಯಾನು ಎಂಬ ಹೆದರಿಕೆ ಇವರಿಗೆ. ಅವನಿಗೂ ಅದೇ. ಒಬ್ಬ ಆಳು ಮಲಗುವಷ್ಟು ಅಗಲದ ಆ ಜಾಗದಲ್ಲಿ ಏಡಿಗಳು ನೆಮ್ಮದಿಯಿಂದ ಬಿಲ ತೋಡಿದವು.

"ಅಲ್ಲ್ ಪೂರಾ ಏಡಿ ಮಾಟೆ ಆಯ್ತ್, ಕಾಣಿ" ಎಂದು ಗಂಡನಿಗೆ ಹೇಳಿದೆ.

"ಅದ್ ಅವ್ನ ಪಾಲ್" ಎಂದರು.

ವಾರಗಿತ್ತಿಯ ಮೂಲಕ ಮೈದುನನಿಗೆ ಹೇಳಿಸಿದೆ. "ಅದ್ ಅಣ್ಣಯ್ಯಂದ್" ಎಂದನಂತೆ. ಇಬ್ಬರಿಗೂ ಸೇರಿ ದೇವರು ಒಂದೇ ಮಂಡೆ ಕೊಟ್ಟಿದ್ದ, ಅದನ್ನೂ ಪಾಲು ಮಾಡಿಕೊಂಡಿದ್ದರು.

ಆ ಸಲ ಮಳೆ ಬೇಗ ಕೈಕೊಟ್ಟಿತ್ತು, ಹೊಳೆಗೆ ಉಪ್ಪು ಬೇಗ ಹತ್ತಿತ್ತು. ದೀಪಾವಳಿ ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೆ ಮೊದಲು ನೀರು ಕಟ್ಟದ ತಲೆಯವರೆಗೂ ಏರಿತು. ನಾನು ತೆಂಗಿನ ಗರಿ ಎಳೆಯುತ್ತಿದ್ದೆ. ಗೂಟದ ಬುಡದಲ್ಲಿ ಬೆರಳು ಗಾತ್ರದ ನೀರು ಚಿಮ್ಮುವುದು ಕಂಡಿತು. ನಾನು ಕೂಗುವಷ್ಟರಲ್ಲಿ ಅದು ತೊಡೆಯ ಗಾತ್ರವಾಗಿತ್ತು. ಗೂಟ ಮಗುಚಿ ತೇಲಿಹೋಯಿತು.

ಇಬ್ಬರೂ ಗುದ್ದಲಿ ಹಿಡಿದು ಎರಡು ಕಡೆಯಿಂದ ಓಡಿ ಬಂದರು. ಆಗ ಇಬ್ಬರೂ ಬಾಯಿ ಮುಚ್ಚಿ ಒಂದು ಹೆಡಿಗೆ ಕೆಸರು ಹಾಕಿದ್ದರೂ ಸಾಕಿತ್ತು.

"ಬೇಕಂತ್ಲೇ ಒಡ್ಸಿದ್ಯಲ್ಲ ನಾಯಿ! ಉಪ್ಪುನೀರ್ ಬೇಕಿತ್ತಲ್ದಾ ನಿಂಗೆ!" ಎಂದು ನನ್ನ ಗಂಡ ಬಿರುಕಿನ ಈಚೆಯಿಂದ ಗುದ್ದಲಿಯ ಕಾವನ್ನು ಬೀಸಿದರು. ಅದು ತಮ್ಮನ ಬಾಯಿಗೆ ತಾಗಿತು. ಅವನು ಕೆಂಪಾಗಿ ಉಗುಳಿದ, ಹಲ್ಲೊಂದು ನೀರಿಗೆ ಬಿತ್ತು. ಮರುಗಳಿಗೆ ಬಿರುಕನ್ನೇ ಹಾರಿ ಇವರ ಮೇಲೆ ಬಿದ್ದ. ಇಬ್ಬರೂ ಸೊಂಟದವರೆಗಿನ ನೀರಿನಲ್ಲಿ ಉರುಳಾಡಿದರು. ಒಬ್ಬನ ಮುಖವನ್ನು ಇನ್ನೊಬ್ಬ ಕೆಸರಿಗೆ ಒತ್ತಿ ಹಿಡಿದ, ಬಿಟ್ಟ, ಕಚ್ಚಿದ. ಅವರು ಕಾಲೂರಿದಲ್ಲೆಲ್ಲ ಕಟ್ಟ ಕುಸಿಯುತ್ತಿತ್ತು. "ಬಾವಿ! ಬಾವಿ ಕಾಣಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಕೈಗೆ ಸಿಕ್ಕ ಮಣ್ಣಿನ ಹೆಂಟೆಗಳನ್ನು ಇಬ್ಬರ ತಲೆಗೂ ಎಸೆದೆ. ಸತ್ತರೂ ಸಾಯಲಿ ಎನಿಸಿತ್ತು ನನಗೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಮೈದುನನ ಗುದ್ದಲಿ ಮೇಲೆದ್ದು ಇಳಿಯಿತು. ನಾನು ಮೊದಲೇ ಹೇಳಿದ ಸದ್ದು ಕೇಳಿತು.

ಗಂಡ ಹೆಗಲು ಹಿಡಿದು ಕೆಸರಿಗೆ ಕುಸಿದರು. ಮೈದುನ ತನ್ನ ಕೈಯನ್ನೇ ನೋಡಿಕೊಂಡು, ಗುದ್ದಲಿ ಬಿಸಾಡಿ, ಹೊಳೆಗೆ ಹಾರಿ ಈಜಿ ಹೋದ.

ಪಕ್ಕದ ಮನೆಯ ಮುದುಕ ಗಂಡನನ್ನು ದೋಣಿಯಲ್ಲಿ ಮಲಗಿಸಿ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದ. ನಾನು ಹೋಗಲಿಲ್ಲ. ಗಂಡನ ಮೂಳೆ ಮುರಿದಾಗ ಹೆಂಡತಿ ಕೆಸರು ಹೊರುತ್ತಿದ್ದಳು ಎಂದು ಇಂದಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮೂಳೆ ಕೂಡಿಸಲು ಡಾಕ್ಟರಿದ್ದಾರೆ, ರಾತ್ರಿ ಮತ್ತೆ ಏರುವ ನೀರಿಗೆ ಯಾರಿದ್ದಾರೆ? ಕುದ್ರುವಿನ ಉಳಿದ ಗಂಡಸರೆಲ್ಲ ಮೀನಿನ ಬೋಟಿಗೆ ಹೋಗಿದ್ದರು.

ನೀರು ಇಳಿದ ಮೇಲೆ ನಾನು ಬಡಗಣದಿಂದ ತುಂಬುತ್ತ ಬಂದೆ. ತೆಂಕಣದಿಂದ ವಾರಗಿತ್ತಿ ಹೆಡಿಗೆ ಹೊತ್ತು ಬಂದಳು. ನಡುವೆ ಮೊಳದಷ್ಟು ಉಳಿದಾಗ ಅವಳ ಕೈ ನಿಂತಿತು.

"ಇನ್ನ್ ನಿಮ್ದ್ ಅಕ್ಕ."

ನನಗೆ ಎಲ್ಲಿತ್ತೋ ಸಿಟ್ಟು, ಕೆಸರು ಕೈಯಲ್ಲೇ ಅವಳ ಕೆನ್ನೆಗೆ ಬಾರಿಸಿದೆ. ಅವಳೂ ಬಿಡಲಿಲ್ಲ, ನನ್ನ ಜಡೆ ಹಿಡಿದು ಎಳೆದಳು. ಇಬ್ಬರೂ ಬಿದ್ದೆವು. ಬಿದ್ದಲ್ಲೇ ಅವಳು ಗೊಳೋ ಎಂದು ಅತ್ತಳು. "ಏಳ್ ಹೆಣೆ, ನೀರ್ ಬತ್ತ್" ಎಂದು ಏರತೊಡಗಿದ ಹೊಳೆಯನ್ನು ತೋರಿಸಿದೆ. ಎದ್ದು ಆ ಮೊಳವನ್ನು ಇಬ್ಬರೂ ಸೇರಿ ತುಂಬಿ, ಮೆಟ್ಟಿ, ಗರಿ ಹೊದಿಸಿದೆವು. ರಾತ್ರಿಯ ನೀರಿಗೆ ಕಟ್ಟ ಜಗ್ಗಲಿಲ್ಲ.

ಆದರೆ ಹಗಲು ಒಳಗೆ ಬಂದದ್ದು ಬಂದಿತ್ತು. ಭತ್ತದ ಪೈರು ಬೆಳ್ಳಗಾಗಿ ಸತ್ತಿತು. ಬಾವಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿದೆ, ಉಗುಳಿದೆ. ಪಂಪು ಇಟ್ಟು ಬರಿದು ಮಾಡಿದೆ. ಹೊಸದಾಗಿ ಊರಿದ್ದೂ ಉಪ್ಪು. ಬಾವಿಕಟ್ಟೆಗೆ ಹಣೆ ಚಚ್ಚಿಕೊಂಡು ಅತ್ತೆ. ಅಂದಿನಿಂದ ಕುಡಿಯುವ ನೀರು ಆಚೆ ದಡದಿಂದ ಕ್ಯಾನಿನಲ್ಲಿ ಬರುತ್ತಿದೆ.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದರೆ ಗಂಡ, "ಕಟ್ಟದ್ ಮೇಲಿಂದ ಜಾರ್ ಬಿದ್ದೆ" ಎಂದರಂತೆ. ತಮ್ಮನನ್ನು ಹೊಡೆಯುವ ಹಕ್ಕು ತಮಗೊಬ್ಬರಿಗೇ ಇರಬೇಕು ಇವರಿಗೆ.

ಕೆಲವು ದಿನಗಳ ಮೇಲೆ ಮೈದುನ ಬಂದ. ಹಾಲಾಡಿಯಲ್ಲಿ ಹೆಂಡತಿಯ ತವರಿನಲ್ಲಿ ಅಡಗಿದ್ದನಂತೆ. ಬಾವಿಯ ಸುದ್ದಿ ಅವನಿಗೆ ಹೇಳಬೇಡ ಎಂದು ವಾರಗಿತ್ತಿಗೆ ನಾನೇ ಅಂದಿದ್ದೆ. ಅಂಗಳದ ತುದಿಯಲ್ಲಿ ನಿಂತ. ತುಟಿ ಇನ್ನೂ ಊದಿತ್ತು.

"ಅತ್ಗೆ, ಅಣ್ಣಯ್ಯ ಹ್ಯಾಂಗಿದ್ರ್?"

ಅಂಗಳಕ್ಕೆ ಯಾರು ಬಂದರೂ, ಹಗೆಯೇ ಆದರೂ, ಮೊದಲು ನೀರು ಬೆಲ್ಲ ಕೊಡುವುದು ನಮ್ಮ ಕಡೆಯ ಪದ್ಧತಿ. ನಾನು ಬೆಲ್ಲ ತರಲಿಲ್ಲ. ಅವನೆದುರೇ ಬಾವಿಯಿಂದ ಸೇದಿ ಚೊಂಬು ತುಂಬಿ ಕೊಟ್ಟೆ.

"ಮೊದ್ಲ್ ಕುಡಿ."

ಒಂದು ಗುಟುಕಿಗೇ ಅವನ ಮುಖ ಕಿವುಚಿಕೊಂಡಿತು. ಉಗುಳಲಿಲ್ಲ.

"ಅತ್ಗೆ... ಇದ್ ನಮ್ಮ್ ಬಾವಿದಾ?"

"ಉಪ್ಪುನೀರ್ ಬೇಕ್ ಅಂದ್ಯಲ್ಲ. ಕುಡಿ."

ಅಳುತ್ತಲೇ ಪೂರ್ತಿ ಕುಡಿದ. ಎರಡನೆಯ ಚೊಂಬು ಕೊಟ್ಟೆ. ಅದನ್ನೂ ಕುಡಿದು, ಅಂಗಳದಲ್ಲೇ ಕುಕ್ಕುರು ಕುಳಿತು ವಾಂತಿ ಮಾಡಿದ. ಒಳಗಿನಿಂದ ಗಂಡ ಮಂಚದಿಂದೇಳಲಾಗದೆ ಕೂಗಿದರು.

"ಸಾಕ್ ಮಾಡೇ! ಸಾಯ್ತ ಅವ!"

ನಾನು ಕೊಡಪಾನವನ್ನು ಮತ್ತೆ ಬಾವಿಗಿಳಿಸಿದೆ.