ತಿದ್ದದೆ ಉಳಿದ ಅಂಕೆ

ಮೊನ್ನೆ ಅಪ್ಪನ ಹುಟ್ಟುಹಬ್ಬದ ಕಾರ್ಡು ಮಾಡಲು ಕೂತು ಹಳೆಯ ಬಿಸ್ಕೆಟ್ ಡಬ್ಬಿಯ ಮುಚ್ಚಳ ತೆಗೆದೆ. ನೇರಳೆ ಶಾಯಿಯ ಕಟುವಾಸನೆ ಬಂತು. ಒಳಗೆ ಶಾಯಿಯ ಪ್ಯಾಡು, ಜೊತೆಗೆ ದಿನಾಂಕ ಒತ್ತುವ ಮೊಹರು. ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಒಂದೊಂದು ರಬ್ಬರಿನ ಪಟ್ಟಿ. ಬೆರಳಿನಿಂದ ಚಕ್ರ ತಿರುಗಿಸಿದರೆ ಅಂಕೆ ಬದಲಾಗುತ್ತದೆ. ಪಕ್ಕದ ಮನೆಯ ಆಂಟಿ ನನಗೆ ಕೊಟ್ಟದ್ದು ಅದು...

ನಾವು ದೇಶ ಬಿಟ್ಟು ಹ್ಯಾಮಿಲ್ಟನ್ ನಗರದ ಬಡಾವಣೆ ರೊಟೊಟೂನಕ್ಕೆ ಬಂದಾಗ ನನಗೆ ಹತ್ತು ವರ್ಷ. ಆಂಟಿ ಇಲ್ಲಿಯವರೇ, ಆಗಲೇ ಅರವತ್ತು ದಾಟಿದ್ದರು, ಒಬ್ಬರೇ ಇದ್ದರು. ಆ ವರ್ಷ ನಮ್ಮ ಮನೆಯ ತುಂಬ ಫಾರ್ಮುಗಳು. ವೀಸಾಕ್ಕೆ ಒಂದು, ಶಾಲೆಗೆ ಒಂದು, ಡಾಕ್ಟರಿಗೆ ಇನ್ನೊಂದು. ಧಾರವಾಡದಲ್ಲಿ ಎಂಜಿನಿಯರಾಗಿದ್ದ ಅಪ್ಪನೂ ಅವುಗಳೆದುರು ತಲೆ ಕೆರೆದುಕೊಳ್ಳುತ್ತಿದ್ದರು. ಒಂದು ದಿನ ಆಂಟಿ ಕನ್ನಡಕ ಏರಿಸಿಕೊಂಡು ಬಂದು ನಮ್ಮ ಅಡುಗೆಮನೆಯ ಮೇಜಿಗೆ ಕೂತರು. ಅವರ ಇಂಗ್ಲಿಷ್ ಮಾತುಗಳು ಈಗ ನನಗೆ ಕನ್ನಡದಲ್ಲೇ ನೆನಪಾಗುತ್ತವೆ.

"ಯಾವ ಚೌಕವನ್ನೂ ಖಾಲಿ ಬಿಡಬೇಡ. ಹೇಳಲು ಇಷ್ಟವಿಲ್ಲದಿದ್ದರೆ, ಇಷ್ಟವಿಲ್ಲ ಎಂದೇ ಬರೆ. ಖಾಲಿ ಬಿಟ್ಟರೆ ಬೇರೆ ಯಾರೋ ತುಂಬುತ್ತಾರೆ."

ಫಾರ್ಮಿನಲ್ಲಿ ಅಪ್ಪನ ಹುಟ್ಟಿದ ತಾರೀಖು ನೋಡಿಟ್ಟುಕೊಂಡು, ಜೂನ್ ಒಂದರ ಸಂಜೆ ಅವರು ಇಲ್ಲಿನ ಜೂನ್ ಚಳಿಯಲ್ಲಿ ಕೇಕ್ ಹಿಡಿದು ಬಾಗಿಲಿಗೆ ಬಂದರು. ಅಪ್ಪ ಅಮ್ಮನ ಕಡೆ ತಿರುಗಿ, "ನಮ್ಮವ್ವ ಹಡದದ್ದು ಯಾವಾಗೋ ಏನೋ. ಇದು ಮಾಸ್ತರು ಹಡದ ದಿನ" ಎಂದರು. "ಹುಡುಗಿ ಮುಂದ ಏನ್ ಮಾತಾಡ್ತೀರಿ" ಎಂದು ಅಮ್ಮ ಗದರಿದರು. ಆಂಟಿಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಊರಿನ ಶಾಲೆಯಲ್ಲಿ, ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರು ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಅಪ್ಪನ ತರಗತಿಯ ಅರ್ಧ ಹುಡುಗರು ಒಂದೇ ದಿನ ಹುಟ್ಟಿದವರು.

ಆಂಟಿ ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು. "ಇಲ್ಲಿ ಆ ತಾರೀಖು ಎತ್ತಿದ್ದರೆ ಆ ಹುಡುಗರೆಲ್ಲ ಒಟ್ಟಿಗೆ ಹೋಗುತ್ತಿದ್ದರು" ಎಂದರು.

ನಮಗೆ ಅರ್ಥವಾಗಲಿಲ್ಲ. ಕೇಕು ಕತ್ತರಿಸಿ ಎಲ್ಲರಿಗೂ ಹಂಚಿದ ಮೇಲೆ ಅವರೇ ಹೇಳಿದರು. ಅವರು ಹುಡುಗಿಯಾಗಿದ್ದಾಗ ಈ ದೇಶದಲ್ಲಿ ಇಪ್ಪತ್ತಾದ ಪ್ರತಿ ಹುಡುಗನೂ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಆಮೇಲೆ ಲಾಟರಿಯಂತೆ ಹುಟ್ಟಿದ ತಾರೀಖುಗಳನ್ನು ಎತ್ತುತ್ತಿದ್ದರು. ಯಾರ ತಾರೀಖು ಬಂತೋ ಅವರು ಸೈನ್ಯದ ತರಬೇತಿಗೆ ಹೋಗಲೇಬೇಕು. ಆಗ ಆಂಟಿ ಆ ನೋಂದಣಿಯ ಕಾರ್ಡುಗಳನ್ನು ಜೋಡಿಸಿಡುವ ಗುಮಾಸ್ತೆ. ಒಂದು ಸಲ ಎತ್ತಿದ ತಾರೀಖು ಅವರ ತಮ್ಮನದೇ ಆಗಿತ್ತು. ಬಂದೂಕು ಮುಟ್ಟುವುದಿಲ್ಲ ಎಂದು ಮೊದಲಿನಿಂದಲೂ ಹೇಳುತ್ತಿದ್ದ ಹುಡುಗ. ಹಿಂದಿನ ವರ್ಷ ಅವನಿಂದ ಕಾರ್ಡು ತುಂಬಿಸಿದವರೂ ಆಂಟಿಯೇ. ಅವನು ಅಕ್ಕನ ಹತ್ತಿರ ಬಂದು ಒಂದೇ ಒಂದು ಮಾತು ಕೇಳಿದ: ಒಂದು ಅಂಕೆ ತಿದ್ದು, ಒಂದನ್ನು ಏಳು ಮಾಡು, ಸಾಕು.

ಅವರು ತಿದ್ದಲಿಲ್ಲ. ತಮ್ಮನಿಗೆ ಹೋಗಬೇಕಾದ ಕಾಗದವನ್ನು ತಾವೇ ಟೈಪು ಮಾಡಿ, ಅಂಚೆಗೆ ಹಾಕಿ, ಅದೇ ದಿನ ರಾಜೀನಾಮೆ ಕೊಟ್ಟರು. ಆ ಹುಡುಗ ತರಬೇತಿಗೆ ಹೋಗಲಿಲ್ಲ. ಮೊದಲು ಕೋರ್ಟು, ಆಮೇಲೆ ಕೆಲವು ವಾರ ಜೈಲು. ಹೊರಗೆ ಬಂದವನು ನೇರ ದೇಶದ ಇನ್ನೊಂದು ತುದಿಗೆ, ದಕ್ಷಿಣ ದ್ವೀಪಕ್ಕೆ ಹೊರಟುಹೋದ. ಅಕ್ಕನೊಂದಿಗೆ ಮಾತು ಬಿಟ್ಟ.

ಆಂಟಿ ಅತ್ತೂ ಕೂರಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ವಾರವಿಡೀ ಕರಪತ್ರ ಟೈಪು ಮಾಡಿ, ಪ್ರತಿ ಶನಿವಾರ ಹ್ಯಾಮಿಲ್ಟನ್ನಿನ ಚೌಕದಲ್ಲಿ ನಿಂತು ಸಹಿ ಸಂಗ್ರಹಿಸಿದರು. ಕಡ್ಡಾಯ ಸೇವೆ ಹೋಗಲಿ, ನೋಂದಣಿಯೂ ಹೋಗಲಿ ಎಂದು. ಜನ ಉಗಿದದ್ದೂ ಉಂಟಂತೆ. ಕೊನೆಗೆ ಸರ್ಕಾರ ಬದಲಾಯಿತು. ಎರಡೂ ಹೋದವು. ತಮ್ಮ ಮಾತ್ರ ಮಾತಾಡಲಿಲ್ಲ.

ಆಂಟಿ ಹೋದ ಮೇಲೆ ಅಪ್ಪ ತಟ್ಟೆ ತೊಳೆಯುತ್ತ, "ನಮ್ಮ ಮಾಸ್ತರು ಆಗಿದ್ರ ಒಂದ್ ನಿಮಿಷದಾಗ ತಿದ್ದಿ ಬಿಡತಿದ್ರು" ಎಂದರು.

ಮರುದಿನವೇ ಆಂಟಿ ನೋಟುಬುಕ್ಕು ಹಿಡಿದು ಬಂದರು. ಅಪ್ಪನ ನಿಜವಾದ ಹುಟ್ಟಿದ ದಿನ ಯಾವುದು? ಊರಿಗೆ ಫೋನು ಹಚ್ಚಿದೆವು. "ಸೀಗಿ ಹುಣ್ಣಿವಿ ಮರುದಿನ, ಸೋಮವಾರ. ಚರಗ ಚೆಲ್ಲಿ ಬಂದ ಮರುದಿನಾನ ಹಡದೆ" ಎಂದರು ಅಜ್ಜಿ. ಮಳೆಗಾಲ ಮುಗಿದ ಮೇಲೆ ಬರುವ, ಹೊಲಕ್ಕೆ ಎಡೆ ಚೆಲ್ಲುವ ಹುಣ್ಣಿಮೆ ಅದು. ವರ್ಷ ಅಜ್ಜಿಗೆ ನೆನಪಿಲ್ಲ. ಆಂಟಿ ಲೈಬ್ರರಿಯಲ್ಲಿ ಹಳೆಯ ಹುಣ್ಣಿಮೆಗಳ ಪಟ್ಟಿ ಹುಡುಕಿ ಒಂದೊಂದನ್ನೇ ತಾಳೆ ನೋಡಿದರು. ಮೂರು ವಾರದ ನಂತರ ಒಂದು ಬಿಳಿ ಕಾರ್ಡಿನ ಮೇಲೆ, ಈ ಮೊಹರಿನಿಂದಲೇ, ಅಕ್ಟೋಬರಿನ ಒಂದು ದಿನವನ್ನು ಒತ್ತಿ, ಪಟ್ಟಿಯಲ್ಲಿಲ್ಲದ ಆ ವರ್ಷವನ್ನು ಪಕ್ಕದಲ್ಲಿ ಕೈಯಿಂದ ಬರೆದು ತಂದುಕೊಟ್ಟರು. ಅಪ್ಪ ಆ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮಾಸ್ತರ ಮಾತು ಮತ್ತೆ ಎತ್ತಲಿಲ್ಲ.

ಯೂನಿವರ್ಸಿಟಿಯಲ್ಲಿದ್ದಾಗ ಒಮ್ಮೆ ಧೈರ್ಯ ಮಾಡಿ ಆಂಟಿಯನ್ನು ಕೇಳಿದೆ, ಯಾಕೆ ತಿದ್ದಲಿಲ್ಲ ಎಂದು. ಅವರು ಟೀ ಕಪ್ಪು ಕೆಳಗಿಟ್ಟರು.

"ತಿದ್ದಿದ್ದರೆ ನನ್ನ ತಮ್ಮ ಉಳಿಯುತ್ತಿದ್ದ. ನಾನೂ ಆ ಕುರ್ಚಿಯಲ್ಲೇ ಉಳಿಯುತ್ತಿದ್ದೆ. ಮಿಕ್ಕವರ ಕಾರ್ಡುಗಳೂ ಡ್ರಾಯರಿನಲ್ಲೇ ಉಳಿಯುತ್ತಿದ್ದವು." ಆಮೇಲೆ, "ಸರಿ ಮಾಡಿದೆ ಎಂದು ಅವನ ಬಾಯಿಂದ ಕೇಳಬೇಕೆಂದಿಲ್ಲ. ನಾನು ಅವನ ಅಕ್ಕ ಎಂದು ಅವನು ಅಂದರೆ ಸಾಕು" ಎಂದರು.

ಅವರ ಜಾಗದಲ್ಲಿದ್ದರೆ ನಾನು ಏನು ಮಾಡುತ್ತಿದ್ದೆ, ಗೊತ್ತಿಲ್ಲ. ಬಹುಶಃ ಒಂದನ್ನು ಏಳು ಮಾಡಿ, ಯಾರಿಗೂ ಹೇಳದೆ, ಜೀವನವಿಡೀ ಅದನ್ನು ಪ್ರೀತಿ ಎಂದು ಕರೆದುಕೊಳ್ಳುತ್ತಿದ್ದೆ...

ಮೂರು ವರ್ಷದ ಹಿಂದೆ ಆಂಟಿ ತೀರಿಕೊಂಡರು. ಅವರ ತಮ್ಮನಿಗೆ ಫೋನು ಮಾಡಿದ್ದು ನಾನು. "ಯಾವ ದಿನ" ಎಂದಷ್ಟೇ ಕೇಳಿ ಇಟ್ಟುಬಿಟ್ಟರು. ಅಂತ್ಯಕ್ರಿಯೆಯ ದಿನ ಪ್ರಾರ್ಥನೆ ಶುರುವಾದ ಮೇಲೆ ಎತ್ತರದ ಮುದುಕರೊಬ್ಬರು ಬಂದು ಬಾಗಿಲ ಬಳಿ ನಿಂತರು. ಮುಗಿಯುವ ಮುಂಚೆಯೇ ಹೋದರು. ಯಾರೊಡನೆಯೂ ಮಾತಾಡಲಿಲ್ಲ.

ಎಲ್ಲರೂ ಹೋದ ಮೇಲೆ, ಬಂದವರು ಹೆಸರು ಬರೆಯುವ ಪುಸ್ತಕವನ್ನು ನೋಡಿದೆ. ಹೆಸರು, ಊರು, ಸಂಬಂಧ ಎಂದು ಮೂರು ಚೌಕಗಳಿದ್ದವು. ಹೆಚ್ಚಿನವರು ಮೂರನೆಯದನ್ನು ಖಾಲಿ ಬಿಟ್ಟಿದ್ದರು. ಕೊನೆಯ ಸಾಲಿನಲ್ಲಿ ಮೂರೂ ತುಂಬಿದ್ದವು. ಕಪ್ಪು ಶಾಯಿ, ಬಿಡಿಬಿಡಿಯಾದ ದೊಡ್ಡಕ್ಷರ. ಸಂಬಂಧ: ತಮ್ಮ.

ಅದನ್ನು ಓದಬೇಕಾದವರು ಇರಲಿಲ್ಲ.

ಮೊಹರಿನ ದಿನ ಮತ್ತು ತಿಂಗಳು ಈಗಲೂ ತಿರುಗುತ್ತವೆ. ವರ್ಷದ ಪಟ್ಟಿಯಲ್ಲಿದ್ದ ವರ್ಷಗಳು ಆಂಟಿ ಇದ್ದಾಗಲೇ ಮುಗಿದುಹೋದವು. ಅಪ್ಪನ ಕಾರ್ಡಿನ ಮೇಲೆ ಅಕ್ಟೋಬರಿನ ಆ ದಿನವನ್ನು ಒತ್ತಿದೆ. ವರ್ಷವನ್ನು ಪಕ್ಕದಲ್ಲಿ, ಕಪ್ಪು ಶಾಯಿಯಲ್ಲಿ, ಕೈಯಿಂದ ಬರೆದೆ.