ಅಪ್ಪನ ಕೈಗೆ ಸಿಗದ ಎಲೆಕ್ಟ್ರಾನು

ಕಾಡಸಿದ್ದಪ್ಪ ಬಂದ್ರೆ ತಿಪಟೂರಿನ ಕೊಬ್ಬರಿ ಮಂಡೀಲಿ ಕೂತಿದ್ದೋರೆಲ್ಲ ಎದ್ದು ನಿಲ್ಲೋರು. ನನ್ನಪ್ಪ ಅವರು. ತೀರಿಕೊಂಡು ಎಷ್ಟೋ ವರ್ಷ ಆಯ್ತು, ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಕೈಯಲ್ಲಿ ವಿದ್ಯೆ ಇತ್ತು, ಇಲ್ಲ ಅನ್ನಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿನ ಕಿವಿ ಹತ್ರ ಹಿಡಿದು ಒಂದು ಸಲ ಅಲ್ಲಾಡಿಸಿದ್ರೆ ಸಾಕು, ಒಳಗೆ ಕೊಬ್ಬರಿ ಕರಟ ಬಿಟ್ಟಿದೆಯೋ ಕೊಳೆತಿದೆಯೋ ಹೇಳಿಬಿಡೋರು. ಒಡೆದ್ರೆ ಹಾಗೇ ಇರೋದು. ಒಂದು ದಿನಾನೂ ತಪ್ಪಲಿಲ್ಲ. ತಪ್ಪಿದ್ರೆ ನಾನು ಬದುಕಿಕೊಳ್ತಿದ್ದೆ.

ಎಪ್ಪತ್ತೊಂಬತ್ತರಲ್ಲಿ ನಾನು ಎರಡನೇ ವರ್ಷದ ಬಿಎಸ್ಸಿ. ಊಟಕ್ಕೆ ಬಡಿಸ್ತಾ ಬಾಯಿ ತಡೀದೆ ಹೇಳಿಬಿಟ್ಟೆ: "ಎಲೆಕ್ಟ್ರಾನು ನಾವು ಅಳೆದು ನೋಡೋವರೆಗೂ ಇಂಥ ಕಡೇನೇ ಇದೆ ಅನ್ನೋ ಹಾಗಿಲ್ಲವಂತೆ ಅಪ್ಪ."

ಅಪ್ಪ ಮುದ್ದೆ ಮುರಿಯೋದು ನಿಲ್ಲಿಸಿದ್ರು. "ಇಂಥ ಸುಳ್ಳು ಕಲಿಯೋಕಾ ನಿನ್ನ ಕಳಿಸ್ತಿರೋದು? ಇದನ್ನ ಹೇಳಿಕೊಟ್ಟ ಮೇಷ್ಟ್ರನ್ನ ಮಂಡಿಗೆ ಕರೆಸ್ತೀನಿ. ನನ್ನ ಒಪ್ಪಿಸ್ಲಿ. ಇಲ್ದಿದ್ರೆ ನಿನ್ನ ಓದು ಅಲ್ಲಿಗೆ ನಿಂತೋಯ್ತು ಕಣೇ."

ನಮಗೆ ಫಿಸಿಕ್ಸ್ ಪಾಠ ಮಾಡ್ತಿದ್ದ ರೇವಣಸಿದ್ದಯ್ಯ ಮೇಷ್ಟ್ರು ಮಂಡಿಗೆ ಬಂದ್ರು. ಸಾಧು ಮನುಷ್ಯ. ಅಪ್ಪ ಕೂತ್ಕೊಳ್ಳಿ ಅಂತಾನೂ ಅನ್ನಲಿಲ್ಲ. ನನ್ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಒಂದು ಕಾಯಿ ಅಲ್ಲಾಡಿಸಿದ್ರು. "ಇದರೊಳಗೆ ಕೊಬ್ಬರಿ ಕರಟ ಬಿಟ್ಟೈತೆ. ಒಡೆದ್ರೂ ಬಿಟ್ಟೈತೆ, ಒಡೀದಿದ್ರೂ ಬಿಟ್ಟೈತೆ. ನೋಡೋವರೆಗೂ ನೆಲೆ ಇಲ್ದಿರೋದು ಯಾವ ಸೀಮೆ ವಸ್ತು ಕಣ್ರೀ ನಿಮ್ದು?"

"ಕಾಯಿ ನೀವು ಹೇಳಿದ ಹಾಗೇ ಯಜಮಾನ್ರೇ, ಅದು ದೊಡ್ಡದು," ಅಂದ್ರು ಮೇಷ್ಟ್ರು. "ನಾವು ಹುಟ್ಟಿದಾಗಿಂದ ಮುಟ್ಟಿರೋದೆಲ್ಲ ಕಾಯಿ, ಕಲ್ಲು, ಗಾಡಿ. ಬುದ್ಧಿ ಕಲ್ತಿರೋದೂ ಅವುಗಳಿಂದಾನೇ. ಎಲೆಕ್ಟ್ರಾನು ಯಾರ ಕೈಗೂ ಸಿಕ್ಕಿದ್ದಲ್ಲ. ಅದು ನಮ್ಮ ಕೈ ಹೇಳಿದ ಹಾಗೆ ಯಾಕೆ ಕೇಳಬೇಕು?"

ಎಷ್ಟು ಚೆನ್ನಾಗಿ ಹೇಳಿದ್ರು. ಅಪ್ಪ ಕೈಲಿದ್ದ ಕಾಯಿನ ಕೆಳಗಿಟ್ರು. ಆಮೇಲೆ ಕೇಳಿದ್ರು: "ನಿಮ್ಮ ಮನಸ್ಸಿಗೆ ಕೂತೈತಾ ಅದು? ನಿಜ ಹೇಳಿ."

ಮೇಷ್ಟ್ರು ನನ್ನ ಮುಖ ನೋಡಿದ್ರು. ಹೂಂ ಅನ್ನಿ, ಹೂಂ ಅನ್ನಿ ಅಂತ ಒಳಗೇ ಬೇಡಿಕೊಂಡೆ.

"ಪ್ರಯೋಗ ಮಾಡಿದಾಗೆಲ್ಲ ಸರಿ ಬರುತ್ತೆ. ಮನಸ್ಸಿಗೆ ಮಾತ್ರ ನನಗೂ ಕೂತಿಲ್ಲ," ಅಂದ್ರು.

"ಕೇಳಿಸ್ತಾ ವಿಮಲಾ?" ಅಪ್ಪ ನಕ್ಕರು. "ನಾಳೆಯಿಂದ ಮನೇಲಿರು."

ಇದ್ದೆ. ಆ ವರ್ಷದ ಪರೀಕ್ಷೆಗೂ ಬಿಡಲಿಲ್ಲ. ಮನಸ್ಸಿಗೆ ಕೂರದೇ ಇರೋದೆಲ್ಲ ಸುಳ್ಳಲ್ಲ ಅನ್ನೋದು ನನಗೆ ಅವತ್ತೇ ಗೊತ್ತಾಗಿತ್ತು, ಹೇಳೋಕೆ ಬಾಯಿ ಬರಲಿಲ್ಲ. ಅಪ್ಪನ್ನ ಬೈಯೋಕೆ ಬೇಕಾದಷ್ಟು ಜನ ಇದ್ದಾರೆ. ನನಗೆ ಆ ಮೇಷ್ಟ್ರ ಮೇಲೂ ಅಷ್ಟೇ ಸಿಟ್ಟು. ಒಂದೇ ಒಂದು ಸುಳ್ಳು ಹೇಳಿದ್ರೆ ಆ ಮನುಷ್ಯನ ಗಂಟೇನು ಹೋಗ್ತಿತ್ತು.