ವಾಂತಿಭೇದಿ ಬಂದ ವರ್ಷ

ನಾವುಂದದ ಕಡಲ ಬದಿಯ ನಮ್ಮ ಮನೆಯಲ್ಲಿ ಅಜ್ಜಿ, ಅಬ್ಬಿ ಎಂದು ನಾನು ಕರೆಯುತ್ತಿದ್ದ ಅಮ್ಮ, ನಾನು ಮೂವರೇ. ಅಪ್ಪ ತೀರಿಕೊಂಡ ಮೇಲೆ ಅಬ್ಬಿ ಮೀನಿನ ಬುಟ್ಟಿ ಹೊತ್ತು ಬಿಜೂರಿನವರೆಗೆ ನಡೆದು ಮಾರುತ್ತಿದ್ದಳು. ಯುದ್ಧದ ಕಾಲ, ಅಕ್ಕಿ ಸಿಗುವುದೇ ಕಷ್ಟ. ಮೀನಿಗೆ ಬದಲಾಗಿ ಅಲ್ಲಿಯವರು ಕೊಡುತ್ತಿದ್ದ ಭತ್ತದಿಂದಲೇ ನಮ್ಮ ಗಂಜಿ ಬೇಯುತ್ತಿತ್ತು.

ಆ ವರ್ಷ ವಾಂತಿಭೇದಿ ಬಂತು. ಮೊದಲು ಸತ್ತವರು ನಮ್ಮ ಕೇರಿಯವರು. ಹಾಗಾಗಿ ರೋಗ ಮೀನಿನ ಬುಟ್ಟಿಯಲ್ಲೇ ಬರುತ್ತದೆಂದು ಸುದ್ದಿ ಹಬ್ಬಿತು. ಅಬ್ಬಿ ಬಿಜೂರಿಗೆ ಹೋದರೆ ದಾರಿಗೆ ಮುಳ್ಳು ಹಾಕಿದ್ದರು. ಯಾವಾಗಲೂ ಮೀನು ಕೊಳ್ಳುತ್ತಿದ್ದ ಮನೆಯ ಸೊಸೆ ಮುಳ್ಳಿನಾಚೆ ನಿಂತು, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಈ ಕಡೆ ಬರಬೇಡ ಎಂದಳಂತೆ. ಹೊತ್ತ ಮೀನನ್ನೆಲ್ಲ ಅಬ್ಬಿ ವಾಪಸು ತಂದಳು. ಅಷ್ಟರಲ್ಲಿ ಕೆಟ್ಟಿತ್ತು. ತೆಂಗಿನ ಬುಡಕ್ಕೆ ಹುಗಿದೆವು.

ಸ್ವಲ್ಪ ದಿನಕ್ಕೆ ಅದೇ ಮನೆಯ ಆಳು ಬಂದ. ಆ ಸೊಸೆಗೇ ರೋಗ ಬಡಿದಿತ್ತು. ಮನೆಯವರು ಅವಳನ್ನು ದನದ ಹಟ್ಟಿಯ ಬದಿಯ ಕೋಣೆಯಲ್ಲಿ ಮಲಗಿಸಿ ದೂರ ಉಳಿದಿದ್ದರು. ನೋಡಿಕೊಂಡರೆ ಅಕ್ಕಿ ಕೊಡುತ್ತಾರೆ ಎಂದ. ಅಜ್ಜಿ ಹೋಗಬೇಡವೆಂದು ಅತ್ತಳು. ಅಬ್ಬಿ ಖಾಲಿ ಮಡಕೆಯತ್ತ ಒಮ್ಮೆ ನೋಡಿ ಹೊರಟಳು.

ಹೋದವಳನ್ನು ಅವರು ನಮ್ಮ ಮನೆಗೆ ಮರಳಲು ಬಿಡಲಿಲ್ಲ. ತಡೆಯಲಾರದೆ ನಾನೇ ಹುಡುಕಿಕೊಂಡು ಹೋದೆ. ತೋಡಿನ ಆಚೆ ದಡದಲ್ಲಿ ಅಬ್ಬಿ ಹೇಸಿಗೆಯಾದ ಬಟ್ಟೆ ಒಗೆಯುತ್ತಿದ್ದಳು. ನಾನು ನೀರಿಗೆ ಕಾಲಿಟ್ಟೆ.

"ಹತ್ರ ಬಪ್ಪುಕಾಗ ಮಗಾ, ಅಲ್ಲೇ ನಿಲ್" ಎಂದಳು.

"ಮನಿಗೆ ಯಾವಾಗ ಬತ್ತೆ ಅಬ್ಬಿ?"

"ನಂಗೆಂತ ಗೊತ್ತಿತ್? ಅವ್ರ್ ಬಿಟ್ರೆ ಬತ್ತೆ."

ಮುಖ ಒರೆಸಿಕೊಳ್ಳಲು ಕೈ ಎತ್ತಿದವಳು, ಕೈ ನೋಡಿ ಹಾಗೇ ಇಳಿಸಿದಳು. ನಾನು ಈಚೆ ದಡದಲ್ಲಿ ನಿಂತು ಅತ್ತೆ, ಮತ್ತೇನೂ ಮಾಡಲಾಗಲಿಲ್ಲ.

ಸೊಸೆ ಬದುಕಿದಳು. ಅಬ್ಬಿಯೂ ಒಂದು ಸಣ್ಣ ಗಂಟು ಅಕ್ಕಿಯೊಂದಿಗೆ ಮನೆಗೆ ಬಂದಳು. ರೋಗ ಇಳಿದ ಮೇಲೆ ಕೇರಿಯ ಹೆಂಗಸರು ಮತ್ತೆ ಬಿಜೂರಿಗೆ ಹೊರಟರು. ಅಬ್ಬಿಯ ಜೊತೆ ನಾನೂ ಹೋದೆ. ಆ ಮನೆಯ ಅಂಗಳದಲ್ಲಿ ಬುಟ್ಟಿ ಇಳಿಸುವ ಮೊದಲೇ ಆ ಸೊಸೆಯ ಅತ್ತೆ ಹೊರಗೆ ಬಂದಳು.

"ಆ ರೋಗದಗೆ ಕೈಯಾಡ್ಸಿದವ್ಳ್ ನೀನ್. ನೀ ಮುಟ್ಟಿದ್ ಮೀನ್ ಯಾರ್ ತಿಂತ್ರ್?"

ಸೊಸೆ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಅವಳ ಬಾಯಿ ಸ್ವಲ್ಪ ತೆರೆಯಿತು. ಅತ್ತೆ ತಿರುಗಿ ನೋಡಿದ್ದೇ ಸೊಸೆ ತಲೆ ತಗ್ಗಿಸಿದಳು. ಉಳಿದ ಮನೆಗಳಲ್ಲೂ ಅದೇ ಮಾತು.

ಆಮೇಲೆ ಅಬ್ಬಿ ತೆಂಗಿನ ನಾರು ಹೊಡೆಯುವ ಕೆಲಸಕ್ಕೆ ಸೇರಿದಳು. ಕೊಳೆತ ಸಿಪ್ಪೆಯ ನಾತದಲ್ಲಿ ದಿನವಿಡೀ ಕುಳಿತು ಹೊಡೆಯಬೇಕು. ಬೆರಳ ಸಂದಿ ಹುಣ್ಣಾಗಿ, ಅನ್ನ ಕಲಸಲಾರದೆ ಅವಳು ಸುಮ್ಮನೆ ಕೂರುತ್ತಿದ್ದಳು. ಮಳೆ ಹಿಡಿಯುವ ಹೊತ್ತಿಗೆ ನಾನೂ ಅವಳ ಪಕ್ಕ ಕುಳಿತು ನಾರು ಹೊಡೆಯತೊಡಗಿದೆ.